ಹೆಸರಿನ ಮುಂದಿನ ಎರಡಕ್ಷರ

ನೋಹನ ಕಥೆ ಓದುವ ವಾರ, ಮಂಗಳವಾರ
24 ಅಕ್ಟೋಬರ್ 1922

ದೇವರ ದಯೆ.

ತಮ್ಮ ಲೈಝರ್‌ಗೆ ಅಕ್ಕ ಬ್ರೈನೆಯ ಆಶೀರ್ವಾದ. ನಾವು ಬದುಕಿದ್ದೇವೆ. ನೀನೂ ಹಾಗೇ ಇರುವೆ ಎಂದು ನಂಬಿ ಬರೆಯುತ್ತಿದ್ದೇನೆ.

ಈ ಕಾಗದ ಮೊದಲು ರೀಗಾದಲ್ಲಿರುವ ನಮ್ಮ ನೆಂಟರ ಹುಡುಗಿ ಸಿಮೆಯ ಕೈಸೇರಬೇಕು. ಅವಳು ಬೇರೆ ಲಕೋಟೆಗೆ ಹಾಕಿ ನಿನಗೆ ಕಳಿಸಬೇಕು. ನಿನ್ನ ವಿಲ್ನಾ ಈಗ ಪೋಲಿಷರದು, ನಮ್ಮ ಊರು ಲಿಥುವೇನಿಯದ್ದು, ಇಬ್ಬರಿಗೂ ಮಾತಿಲ್ಲ. ಗಡಿ ಮುಚ್ಚಿದೆ, ಅಂಚೆಯೂ ಇಲ್ಲ. ಮೊದಲು ಸಂತೆಗೆಂದು ಗಾಡಿ ಕಟ್ಟಿಕೊಂಡು ಹೋಗಿ ಬರುತ್ತಿದ್ದ ಊರಿಗೆ ಈಗ ಒಂದು ಮಾತು ತಲುಪಬೇಕಾದರೂ ಪರದೇಶ ಸುತ್ತಿ ಬರಬೇಕು. ಈ ದಾರಿ ಮಾಡಿದವರ ಬಾಯಿಗೆ ಮಣ್ಣು ಬೀಳಲಿ.

ನಿನಗೆ ಗೊತ್ತಿರುವುದನ್ನೇ ಮೊದಲಿಂದ ಬರೆಯುತ್ತೇನೆ. ನಮ್ಮ ಧರ್ಮಗುರು ರಬ್ಬಿಗಳು ಹಾಗೆ ಬರೆ ಅಂದಿದ್ದಾರೆ. ನೀನು ಇದನ್ನು ಅಲ್ಲಿನ ಧರ್ಮಪೀಠದವರಿಗೂ ತೋರಿಸಬೇಕಾದೀತು.

ಏಳು ವರ್ಷದ ಹಿಂದೆ ತ್ಸಾರನ ಸೈನ್ಯ ಯೆಹೂದಿಗಳೆಲ್ಲ ಊರು ಬಿಡಿ ಎಂದು ಅಟ್ಟಿತಲ್ಲ, ಆಗ ನನ್ನ ಮುಷ್ಕೆಗೆ ಮದುವೆಯಾಗಿ ಒಂದು ವರ್ಷ. ದೋಣಿ ಕಟ್ಟೆಯ ಹತ್ತಿರ ಸಿಪಾಯಿಗಳು ಗಂಡಸರನ್ನು ಬೇರೆ ಮಾಡಿದರು. ಕಂದಕ ತೋಡುವುದಕ್ಕೆ ಎಂದರು. ಅಳಿಯ ಹಿರ್ಶ್‌ಬೇರ್‌ನನ್ನೂ ಎಳೆದುಕೊಂಡು ಹೋದರು. ಅವನು ರೊಟ್ಟಿ ಗಂಟು ಬಿಟ್ಟ, ಕಂಕುಳಲ್ಲಿದ್ದ ಪುಸ್ತಕ ಬಿಡಲಿಲ್ಲ. ಅದೇ ಕೊನೆ. ಅವನು ಸತ್ತು ಬಿದ್ದಿದ್ದನ್ನು ಕಂಡವರಿಲ್ಲ, ಬದುಕಿದ್ದಾನೆ ಎಂದವರೂ ಇಲ್ಲ. ಅವನು ಒಬ್ಬನೇ ಮಗ, ಮಕ್ಕಳಾಗಿರಲಿಲ್ಲ. ಮಕ್ಕಳಿಲ್ಲದೆ ಸತ್ತವನ ಹೆಂಡತಿ ಮೈದುನನಿಂದ ಬಿಡಿಸಿಕೊಳ್ಳಬೇಕು, ಇವಳಿಗೆ ಮೈದುನ ಯಾರೂ ಇಲ್ಲ. ಸತ್ತ ಎಂಬುದೊಂದು ಗೊತ್ತಾದರೆ ಸಾಕು, ಮುಷ್ಕೆ ಬಿಡುಗಡೆ. ಗೊತ್ತಾಗದಿದ್ದರೆ ಅವಳು ಸರಪಳಿಯವಳು, ಸಾಯುವವರೆಗೂ ಬೇರೆ ಮದುವೆಯಿಲ್ಲ.

ಗಿರಣಿಯ ಯೋಯ್ನೆ ಅವಳನ್ನು ಕೇಳುತ್ತಿದ್ದಾನೆ. ಹೆಂಡತಿ ಸತ್ತವನು, ಒಳ್ಳೆಯವನು. ಅವನ ಎರಡು ಹೆಣ್ಣುಮಕ್ಕಳು ಆಗಲೇ ಇವಳ ಸೆರಗು ಹಿಡಿದು ತಿರುಗುತ್ತವೆ.

ನಿನ್ನ ಅಂಗಡಿಗೆ ಯುದ್ಧದಲ್ಲಿ ಚದುರಿದ ಮನೆಗಳ ಹಳೆಯ ಪುಸ್ತಕಗಳೆಲ್ಲ ಬರುತ್ತವೆ ಎಂದು ಬರೆದಿದ್ದೆ. ಅದರಲ್ಲಿ ಇವನದನ್ನು ಹುಡುಕು. ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ಇನ್ನೂರು ವರ್ಷದ ತಾಲ್ಮೂದ್ ಧರ್ಮಗ್ರಂಥದ ಒಂದು ಸಂಪುಟ, ಕಂದು ತೊಗಲಿನ ರಟ್ಟು. ಮೊದಲ ಹಾಳೆಯಲ್ಲಿ ಎಲ್ಲವೂ ದೇವರದು ಎಂದು ಬರೆದು ಅದರ ಕೆಳಗೆ ಅವನ ಮನೆತನದ ನಾಲ್ಕು ತಲೆಮಾರಿನ ರಬ್ಬಿಗಳು ಹೆಸರು ಹಾಕಿದ್ದಾರೆ. ಒಬ್ಬರು ತೀರಿಕೊಂಡ ಮೇಲೆ ಪುಸ್ತಕ ಪಡೆದವನು ಸತ್ತವರ ಹೆಸರಿನ ಮುಂದೆ ಝ, ಲ ಎಂದು ಎರಡಕ್ಷರ ಸೇರಿಸಿ, ಅವರ ನೆನಪು ಹರಸಲಿ ಎಂಬ ಅರ್ಥದಲ್ಲಿ, ಆಮೇಲೆ ಕೆಳಗೆ ತನ್ನ ಹೆಸರು ಬರೆಯುವುದು ಆ ಮನೆಯ ಪದ್ಧತಿ. ಐದನೆಯವನು ಹಿರ್ಶ್‌ಬೇರ್. ಮದುವೆಯಾದ ಮೊದಲ ಸಬ್ಬತ್ತಿನಲ್ಲಿ ಮುಷ್ಕೆ ಕೈತಪ್ಪಿ ದ್ರಾಕ್ಷಾರಸ ಚೆಲ್ಲಿದ್ದಳು, ಆ ಹಾಳೆಯ ಅಂಚಿಗೆ. ನಾನು ಉಪ್ಪು ಹಾಕಿ ಒತ್ತಿದೆ, ಹೋಗಲಿಲ್ಲ. ಅದೇ ಗುರುತು.

ಪುಸ್ತಕ ಬೇರೆಯವರ ಕೈಸೇರಿ, ಅವನ ಹೆಸರಿನ ಮುಂದೆ ಆ ಎರಡಕ್ಷರ ಯಾರಾದರೂ ಬರೆದಿದ್ದರೆ ನನಗೆ ತಿಳಿಸು. ದೀಪ ಹಚ್ಚುವಾಗ ನಾನು ಏನು ಬೇಡುತ್ತಿದ್ದೇನೆ ಎಂದು ನನಗೇ ಹೆದರಿಕೆ. ಅಳಿಯ ಸತ್ತಿರಲಿ ಎಂದು ಬೇಡುವ ಅತ್ತೆಯನ್ನು ದೇವರು ಏನೆಂದುಕೊಳ್ಳುತ್ತಾನೋ.

ನಿನ್ನ ಅಕ್ಕ
ಬ್ರೈನೆ


ಸಾರಾಳ ಸಮಾಧಿಯ ವಾರ, ಬುಧವಾರ
15 ನವೆಂಬರ್ 1922

ಅಕ್ಕಾ,

ನಿನ್ನ ಕಾಗದ ಓದಿದೆ. ಎರಡು ಸಲ ಓದಿದೆ. ಸಿಮೆ ಲಕೋಟೆ ಬದಲಿಸುವಾಗ ಒಂದು ಸಾಲು ತಾನೂ ಸೇರಿಸಿದ್ದಾಳೆ, ಓದಿದ್ದಾಳೆ ಅಂತ ಅರ್ಥ. ಇನ್ನು ರೀಗಾದಲ್ಲಿ ಎಲ್ಲರಿಗೂ ನಮ್ಮ ಸುದ್ದಿ ಗೊತ್ತು.

ಅಂಗಡಿ ನಡೆಯುತ್ತಿದೆ, ನಾನು ಅದರ ಹಿಂದೆ ಕುಂಟುತ್ತಿದ್ದೇನೆ. ಮೂಟೆಗಟ್ಟಲೆ ಪುಸ್ತಕ ಬರುತ್ತದೆ, ಮಿನ್ಸ್ಕ್ ಕಡೆಯಿಂದ, ಸುಟ್ಟ ಪಾಠಶಾಲೆಗಳಿಂದ. ನಿನ್ನೆ ಒಬ್ಬ ರಬ್ಬಿಯ ವಿಧವೆ ದಿಂಬಿನ ಚೀಲದಲ್ಲಿ ತಂದಿದ್ದಳು. ಒಂದೊಂದಕ್ಕೂ ಮುತ್ತಿಟ್ಟು ಹಲಗೆಯ ಮೇಲೆ ಇಟ್ಟಳು. ಕೊನೆಯದನ್ನು ಮಾತ್ರ ಮತ್ತೆ ಚೀಲಕ್ಕೆ ತುರುಕಿದಳು.

“ಇದನ್ನ ಕೊಡಲ್ಲಪ್ಪ. ಇದರೊಳಗೆ ಅವರ ಗಡ್ಡದ ಕೂದಲಿದೆ.”

“ಕೂದಲು ನೀವು ಇಟ್ಕೊಳಿ ಅಮ್ಮ, ಪುಸ್ತಕ ಕೊಡಿ.”

“ಆಮೇಲೆ ಅವರು ಯಾವ ಪುಟದಲ್ಲಿ ನಿದ್ದೆ ಹೋಗ್ತಿದ್ರು ಅಂತ ನಂಗೆ ಹೆಂಗಯ್ಯಾ ಗೊತ್ತಾಗ್ಬೇಕು?”

ಅದನ್ನು ಅವಳಿಗೇ ಬಿಟ್ಟೆ. ವ್ಯಾಪಾರಿ ಅಂದರೆ ನಾನೇ, ನೋಡು.

ಹಿರ್ಶ್‌ಬೇರ್‌ನ ಪುಸ್ತಕ ಇಲ್ಲಿಗೆ ಬಂದಿಲ್ಲ. ಅದೇ ಸಂಪುಟ, ಅದೇ ಅಚ್ಚು, ಇನ್ನೊಂದಿದೆ; ಆದರೆ ಕಲೆಯಿಲ್ಲ, ಹೆಸರು ಬೇರೆ ಯಾರದೋ. ಗಂಡ ಕಾಣದ ಹೆಂಗಸರ ಪ್ರಶ್ನೆಗಳೆಲ್ಲ ಇರುವುದು ಆ ಸಂಪುಟದಲ್ಲೇ ಅಲ್ಲವೇ. ಅದನ್ನೇ ಕಂಕುಳಲ್ಲಿಟ್ಟುಕೊಂಡು ಹೋದ ಮಹಾರಾಯ. ಗೆಳೆಯ ವ್ಯಾಪಾರಿಗಳಿಗೆಲ್ಲ ಹೇಳಿದ್ದೇನೆ. ನೀನು ಊಟ ಬಿಡಬೇಡ. ಮುಷ್ಕೆಗೆ ಮಾವ ಕೇಳಿದ ಅಂತ ಹೇಳು.

ಲೈಝರ್


ಯಾಕೋಬ ಕಲ್ಲಿನ ಮೇಲೆ ಮಲಗುವ ವಾರ, ಮಂಗಳವಾರ
28 ನವೆಂಬರ್ 1922

ದೇವರ ದಯೆ.

ತಮ್ಮಾ, ನಿನ್ನ ಕಾಗದ ಓದಿ ಮುಷ್ಕೆ ನಕ್ಕಳು. ಆ ಗಡ್ಡದ ಕೂದಲಿನ ವಿಷಯಕ್ಕೆ. ಅವಳು ನಕ್ಕು ಎಷ್ಟು ಕಾಲವಾಗಿತ್ತು. ಆಮೇಲೆ ಎದ್ದು ಕೊಟ್ಟಿಗೆಗೆ ಹೋದವಳು ಹಾಲು ಕರೆಯದೆ ಹಾಗೇ ನಿಂತಿದ್ದಳು.

ಗಿರಣಿಯ ಮುದುಕಿ ಗ್ನೆಸ್ಯ, ಯೋಯ್ನೆಯ ತಾಯಿ, ನನ್ನನ್ನು ಊರ ಸ್ನಾನದ ಮನೆಯಲ್ಲಿ ಹಿಡಿದಳು. ಎಲ್ಲ ಹೆಂಗಸರ ಮುಂದೆ.

“ಏನೇ ಬ್ರೈನೆ, ನಿನ್ನ ಮಗಳು ಅತ್ತ ಹೆಂಡ್ತಿನೂ ಅಲ್ಲ, ಇತ್ತ ವಿಧವೆನೂ ಅಲ್ಲ. ನನ್ನ ಮಗ ಎಲ್ಲಿವರೆಗೂ ಬೀಸ್ತಾ ಕೂತಿರ್ಬೇಕು?”

“ಗಿರಣಿಯವನು ಬೀಸ್ದೆ ಇನ್ನೇನು ಮಾಡ್ತಾನೆ ಗ್ನೆಸ್ಯಮ್ಮ?” ಅಂದೆ.

ಎಲ್ಲರೂ ನಕ್ಕರು. ಅವಳಿಗೆ ಉರಿಯಿತು. “ಪೂರಿಮ್ ಹಬ್ಬದವರೆಗೆ ನೋಡ್ತೀನಿ. ಅಷ್ಟರೊಳಗೆ ನಿಮ್ಮ ರಬ್ಬಿ ಹೂಂ ಅಂದ್ರೆ ನನ್ನ ಸೊಸೆ. ಇಲ್ಲ ಅಂದ್ರೆ ಪಕ್ಕದೂರಲ್ಲಿ ಹುಡುಗಿ ನೋಡಿಟ್ಟಿದ್ದೀನಿ” ಅಂದಳು. ನಾನು ನಗಿಸಬಾರದಿತ್ತು.

ಇದಲ್ಲ ನನ್ನ ಭಯ. ಮುಷ್ಕೆಯ ಪೆಟ್ಟಿಗೆಯಲ್ಲಿ ಪ್ರಯಾಣದ ಬಟ್ಟೆ ಮಡಚಿಟ್ಟಿದೆ. ಕೇಳಿದರೆ, “ಜರ್ಮನರ ಟಿಲ್ಸಿಟ್ಟಲ್ಲಿ ಕಚೇರಿ ಇದೆಯಂತಮ್ಮ. ರುಜು ಹಾಕಿದ್ರೆ ಮದುವೆ. ಅಲ್ಲಿ ಯಾರೂ ರಬ್ಬಿನ ಕೇಳಲ್ಲ” ಅಂದಳು. ಎಷ್ಟು ತಣ್ಣಗೆ ಅಂದಳು ಗೊತ್ತೇ. ಹಿರ್ಶ್‌ಬೇರ್ ಎಲ್ಲೋ ಉಸಿರಾಡುತ್ತಿದ್ದರೆ ಇವಳ ಹೊಟ್ಟೆಯಲ್ಲಿ ಹುಟ್ಟುವ ಮಗು ನಮ್ಮವರಲ್ಲಿ ಯಾರ ಮನೆಗೂ ಸೇರದ ಮಗು. ಅದರ ಮಕ್ಕಳೂ ಅಷ್ಟೆ, ಅವರ ಮಕ್ಕಳೂ ಅಷ್ಟೆ. ಇದನ್ನು ಅವಳಿಗೆ ಹೇಳಿದೆ. “ಗೊತ್ತು” ಅಂದಳು.

ಲೈಝರ್, ನಿನ್ನನ್ನು ಎತ್ತಿ ಬೆಳೆಸಿದವಳು ನಾನು. ಆ ಲೆಕ್ಕ ಎಂದೂ ಎತ್ತಿಲ್ಲ, ಇವತ್ತು ಎತ್ತುತ್ತಿದ್ದೇನೆ. ಏನಾದರೂ ಮಾಡು.

ಬ್ರೈನೆ


ಯೋಸೇಫನ ಅಂಗಿಯ ವಾರ, ಬುಧವಾರ
13 ಡಿಸೆಂಬರ್ 1922

ಅಕ್ಕಾ,

ಪುಸ್ತಕ ನನ್ನ ಕೈಯಲ್ಲಿದೆ. ದ್ರಾಕ್ಷಾರಸದ ಕಲೆ ಇದೆ, ನೀನು ಹೇಳಿದ ಅಂಚಿನಲ್ಲೇ. ನಾಲ್ವರು ರಬ್ಬಿಗಳ ಹೆಸರು ಇದೆ. ಅವರ ಕೆಳಗೆ ಹಿರ್ಶ್‌ಬೇರ್‌ನ ಸಾಲು. ಆ ಸಾಲಿನ ಕೊನೆಯಲ್ಲಿ ಎರಡಕ್ಷರ ಇದೆ.

ಇದಕ್ಕಿಂತ ಹೆಚ್ಚು ಇವತ್ತು ಬರೆಯಲಾರೆ.

ಲೈಝರ್


ಯಾಕೋಬ ಕಣ್ಣು ಮುಚ್ಚುವ ವಾರ, ಮಂಗಳವಾರ
2 ಜನವರಿ 1923

ದೇವರು ಸತ್ಯದ ನ್ಯಾಯಾಧೀಶ. ಇನ್ನೇನು ಹೇಳಲಿ.

ನಿನ್ನ ಕಾಗದ ಬಂದಾಗ ಹಿಟ್ಟು ನಾದುತ್ತಿದ್ದೆ. ಹಿಟ್ಟಿನ ಕೈಯಲ್ಲೇ ನೆಲಕ್ಕೆ ಕೂತೆ. ಸತ್ತವರಿಗಾಗಿ ಹರಿಯುವ ಹಾಗೆ ಕುಪ್ಪಸದ ಅಂಚು ಹರಿದೆ. ಆಮೇಲೆ ನನ್ನ ಬಾಯಿಂದ ದೇವರಿಗೆ ಸ್ತೋತ್ರ ಬಂತು, ಅದಕ್ಕೆ ನಾಚಿ ಮತ್ತೆ ಅತ್ತೆ. ಒಂದೇ ಮುಖದಲ್ಲಿ ಎರಡು ಅಳು. ಅವನು ಎಂಥ ಹುಡುಗ ಆಗಿದ್ದ ಲೈಝರ್. ಊಟಕ್ಕೆ ಕೂತರೆ ಮೀನಿನ ತಲೆಯನ್ನು ನನ್ನ ತಟ್ಟೆಗೆ ಹಾಕುತ್ತಿದ್ದ, “ಅತ್ತೆ, ಬುದ್ಧಿ ಇರೋದು ತಲೇಲಿ, ನಿಮ್ಗೇ ಬೇಕು” ಅನ್ನುತ್ತಿದ್ದ.

ಮುಷ್ಕೆ ಅಳಲಿಲ್ಲ. ನಿನ್ನ ಕಾಗದವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಮಡಚಿ ನನಗೇ ಕೊಟ್ಟಳು. ಆಘಾತ, ಪಾಪ.

ರಬ್ಬಿಗಳ ಹತ್ತಿರ ಓಡಿದೆ. ಅವರು ಕನ್ನಡಕ ಹಾಕಿ ಓದಿ, ತೆಗೆದು, ಮತ್ತೆ ಹಾಕಿದರು. “ಬ್ರೈನೆ, ಇಷ್ಟು ಸಾಲದಮ್ಮ. ಆ ಸಾಲನ್ನ ಅಕ್ಷರ ಅಕ್ಷರ ಹೆಂಗಿದೆಯೋ ಹಂಗೇ ಬರೆದು ಕಳಿಸ್ಲಿ. ಎರಡಕ್ಷರ ಬರೆದ ಕೈ ಯಾರದು, ಪುಸ್ತಕ ತಂದವನು ಯಾರು, ಎಲ್ಲಿಂದ ತಂದ. ಪ್ರಮಾಣ ಮಾಡಿ ಬರೀಲಿ. ಆಮೇಲೆ ದೊಡ್ಡವರನ್ನ ಕೇಳಿ ದಾರಿ ಹುಡುಕ್ತೀನಿ” ಅಂದರು. ದಾರಿ ಹುಡುಕುತ್ತೇನೆ ಅಂದರಲ್ಲ, ಅದೇ ನನಗೆ ಹೂಂ ಅಂದ ಹಾಗೆ.

ಪೂರಿಮ್ ಕಳೆದ ಮೇಲಿನ ಮಂಗಳವಾರ ಮದುವೆ ಅಂತ ಗ್ನೆಸ್ಯಳಿಗೆ ಮಾತು ಕೊಟ್ಟಿದ್ದೇನೆ. ದಿಂಬಿಗೆ ಬಾತಿನ ಗರಿ ಕೀಳುತ್ತಿದ್ದೇವೆ. ಬೇಗ ಬರೆ. ನಿನ್ನ ಕಾಗದ ಇಷ್ಟು ಚಿಕ್ಕದಾಗಿ ಎಂದೂ ಬಂದಿರಲಿಲ್ಲ. ನಿನಗೂ ಸಂಕಟ ಆಗಿದೆ ಎಂದುಕೊಂಡೆ. ಈಗ ಸಂಕಟ ಬದಿಗಿಟ್ಟು ಬರೆ.

ಬ್ರೈನೆ


ಸಿನಾಯ್ ಬೆಟ್ಟದ ವಾರ, ಮಂಗಳವಾರ
6 ಫೆಬ್ರವರಿ 1923

ದೇವರ ದಯೆ.

ತಮ್ಮಾ, ನಿನ್ನಿಂದ ಕಾಗದ ಇಲ್ಲ. ದಿನಾ ಅಂಚೆಯವನ ದಾರಿ ಕಾದೆ. ಮೊದಲು ಹಿಮ ಅಂದುಕೊಂಡೆ, ಆಮೇಲೆ ಗಡಿ, ಆಮೇಲೆ ಸಿಮೆಗೆ ಕಾಯಿಲೆ ಅಂದುಕೊಂಡೆ. ಸಿಮೆ ಚೆನ್ನಾಗಿದ್ದಾಳಂತೆ. ನಿನ್ನಿಂದ ಅವಳಿಗೂ ಏನೂ ಬಂದಿಲ್ಲವಂತೆ.

ನಿನ್ನೆ ಮುಷ್ಕೆ ಮತ್ತು ನಾನು ಗರಿ ಕೀಳುತ್ತಾ ಕೂತಿದ್ದೆವು. ಅವಳು ತಲೆಯೆತ್ತದೆ ಕೇಳಿದಳು.

“ಅಮ್ಮಾ, ಮಾವನ ಕಾಗದದಲ್ಲಿ ಅವರಪ್ಪನ ಹೆಸರೆಲ್ಲಿ?”

“ಯಾರಪ್ಪನದು?”

“ಹಿರ್ಶ್‌ಬೇರ್ ಅಪ್ಪನ ಹೆಸರಿಲ್ದೆ ರುಜು ಹಾಕಿದ್ದೇ ಇಲ್ಲ. ಮದುವೆಗೆ ಮುಂಚೆ ನಂಗೆ ಬರೆದ ಕಾಗದದಲ್ಲೂ ಹಂಗೇ. ‘ಹಿರ್ಶ್‌ಬೇರ್, ಮಗನು ರಬ್ಬಿ ಝಲ್ಮನರಿಗೆ’ ಅಂತ ಬರೆದು, ಆಮೇಲೆ ಝ, ಲ. ಆಗ್ಲೇ ಅವರಪ್ಪ ತೀರ್ಕೊಂಡಿದ್ರಲ್ಲಮ್ಮ. ಸಾಲಿನ ಕೊನೇಲಿ ಇರೋ ಎರಡಕ್ಷರ ಅವರಪ್ಪಂದು.”

ನನ್ನ ಕೈಯಲ್ಲಿದ್ದ ಗರಿ ಎಲ್ಲ ಚೆಲ್ಲಿತು. “ನಿಂಗೆ ಯಾವಾಗ ಗೊತ್ತಾಯ್ತೇ?”

“ಕಾಗದ ಬಂದ ದಿನಾನೇ.”

“ಯಾಕೆ ಬಾಯಿ ಬಿಡ್ಲಿಲ್ಲ?”

“ಬಿಟ್ಟಿದ್ರೆ ನಿಂಗೂ ಗೊತ್ತಾಗ್ತಿತ್ತು” ಅಂದಳು.

ಹೊಡೆಯಬೇಕೆಂದು ಕೈಯೆತ್ತಿದೆ. ಎತ್ತಿದ ಕೈ ಅವಳ ತಲೆಯ ಮೇಲೆ ಹೋಗಿ ಕೂತಿತು. ಇಬ್ಬರೂ ಗರಿಯಲ್ಲಿ ಮುಳುಗಿ ಅತ್ತೆವು.

ಆಮೇಲೆ ನಿನ್ನ ಕಾಗದ ತೆಗೆದು ಮತ್ತೆ ಓದಿದೆ. ಅದರಲ್ಲಿ ಒಂದೂ ಸುಳ್ಳಿಲ್ಲ. ಕಲೆ ಇದೆ, ಸಾಲು ಇದೆ, ಎರಡಕ್ಷರ ಇದೆ. ಸತ್ತಿದ್ದಾನೆ ಅಂತ ಮಾತ್ರ ನೀನು ಎಲ್ಲೂ ಬರೆದಿಲ್ಲ. ಮೇಲೆ ವಾರದ ಹೆಸರು ನೋಡಿದೆ. ಯೋಸೇಫನ ಅಂಗಿಯ ವಾರ. ನಾನು ಹಳ್ಳಿ ಮೇಷ್ಟರ ಹತ್ತಿರ ಓದಿದವಳು, ನಿನ್ನ ಹಾಗೆ ಪಾಠಶಾಲೆ ಕಂಡವಳಲ್ಲ. ಆದರೆ ಪ್ರತಿ ಸಬ್ಬತ್ತಿನಲ್ಲಿ ಹೆಂಗಸರ ಬೈಬಲ್ ಬಿಡಿಸಿ ಓದಿದ್ದೇನೆ. ಯೋಸೇಫನನ್ನು ಮಾರಿ, ಅಣ್ಣಂದಿರು ರಕ್ತ ಬಳಿದ ಅವನ ಅಂಗಿ ತಂದು ಅಪ್ಪನ ಮುಂದೆ ಹಿಡಿದರು. ಅವರೂ ಸತ್ತ ಅಂತ ಹೇಳಲಿಲ್ಲ, ಗುರುತು ಹಿಡಿ ಅಂದರು. ಯೋಸೇಫ ಬದುಕಿದ್ದ.

ಲೈಝರ್, ಹಿರ್ಶ್‌ಬೇರ್ ಬದುಕಿದ್ದಾನೆಯೇ?

ಬೆಳಿಗ್ಗೆ ರಬ್ಬಿಗಳ ಹತ್ತಿರ ಹೋಗಿ ಮದುವೆ ಬೇಡ ಅನ್ನುತ್ತೇನೆ. ನಿನ್ನ ಉತ್ತರ ಬರುವವರೆಗೂ ಕಾಯುವುದಿಲ್ಲ. ಕಾದರೆ ನನ್ನ ಮನಸ್ಸು ಬದಲಾದೀತು ಅಂತ ಹೆದರಿಕೆ.

ಬ್ರೈನೆ


ಕಾಣಿಕೆಗಳ ವಾರ, ಬುಧವಾರ
21 ಫೆಬ್ರವರಿ 1923

ಅಕ್ಕಾ,

ಬದುಕಿದ್ದಾನೆ.

ಚಿಕ್ಕವನಿದ್ದಾಗ ನೀನು ಸೌದೆ ಕಡ್ಡಿ ತಗೊಂಡು ಹೊಡೆಯುತ್ತಿದ್ದೆಯಲ್ಲ, ಈಗ ಹತ್ತಿರ ಇದ್ದಿದ್ದರೆ ನಾನೇ ತಂದು ಕೊಡುತ್ತಿದ್ದೆ.

ಯೋಸೇಫನ ವಾರದ ಸೋಮವಾರ ಒಬ್ಬ ಅಂಗಡಿಗೆ ಬಂದ. ಗಡ್ಡ ಇಲ್ಲ, ಮೈಯಲ್ಲಿ ಸಿಪಾಯಿ ಕೋಟು, ಬಾಯಿಗೆ ಬಟ್ಟೆ. ಹಲಗೆಯ ಮೇಲೆ ಪುಸ್ತಕ ಇಟ್ಟ. ನಾನು ಮೊದಲು ನೋಡಿದ್ದು ಪುಸ್ತಕವನ್ನು, ಕಲೆಯನ್ನು. ಆಮೇಲೆ ತಲೆಯೆತ್ತಿದೆ. ಅವನು ನನ್ನನ್ನು ಗುರುತು ಹಿಡಿದು ಬಾಗಿಲಿಗೆ ತಿರುಗಿದ. ನಾನು ಕೋಟು ಹಿಡಿದುಕೊಂಡೆ.

ಅವನನ್ನು ರಷ್ಯದ ಒಳಗೆಲ್ಲ ಎಳೆದಾಡಿದ್ದಾರೆ. ಶ್ವಾಸಕೋಶ ಹೋಗಿದೆ. ಯುದ್ಧ ಮುಗಿದ ಮೇಲೆ ಊರ ಕಡೆ ಹೊರಟವನು ವಿಲ್ನಾ ತಲುಪಿದಾಗ ಉಗುಳಿನಲ್ಲಿ ರಕ್ತ ಕಂಡನಂತೆ. ಇಲ್ಲೇ ನಿಂತುಬಿಟ್ಟ. ಆಗಿನ್ನೂ ಗಡಿ ಮುಚ್ಚಿರಲಿಲ್ಲ ಅಕ್ಕಾ. ಇದನ್ನೂ ಮುಚ್ಚಿಡುವುದಿಲ್ಲ.

ನಾನು ದಡ್ಡ, ಯೋಯ್ನೆಯ ವಿಷಯ ಬಾಯಿಬಿಟ್ಟೆ. ಅವನು ನನ್ನ ಲೇಖನಿ ಎತ್ತಿ ನನ್ನ ಕೈಗೇ ಇಟ್ಟ.

“ಮಾವ, ನನ್ನ ಹೆಸರಿನ ಮುಂದೆ ಎರಡಕ್ಷರ ಬರೆದುಬಿಡಿ. ಅವಳು ಮದುವೆಯಾಗ್ಲಿ.”

“ಹುಚ್ಚು ಹಿಡೀತೇನೋ? ನೀನೇ ಓದಿದವನು. ನೀನು ಬದುಕಿರುವಾಗ ಅವಳು ಮದುವೆಯಾದ್ರೆ ಏನಾಗತ್ತೆ ಅಂತ ನಾನು ಹೇಳ್ಕೊಡ್ಬೇಕಾ? ವಿಚ್ಛೇದನದ ಬಿಡುಗಡೆ ಪತ್ರ ಬರೆಸು, ಮುಗೀತು.”

“ಪತ್ರ ಹೋದ್ರೆ ನಾನು ಇಷ್ಟು ಹತ್ರ ಇದ್ದೂ ಹೋಗ್ಲಿಲ್ಲ ಅಂತ ಅವಳಿಗೆ ಗೊತ್ತಾಗತ್ತಲ್ಲ ಮಾವ. ಸತ್ತೆ ಅಂದ್ರೆ ಗೊತ್ತಾಗಲ್ಲ.”

ಕೆಮ್ಮು ಬಂತು. ನೀರು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಪುಸ್ತಕ ಇತ್ತು, ಅವನಿರಲಿಲ್ಲ.

ನಾನು ಆ ಎರಡಕ್ಷರ ಬರೆಯಲಿಲ್ಲ, ಅಷ್ಟು ನಂಬು. ಆದರೆ ನಿನ್ನ ಕಾಗದ ನನ್ನ ಮುಂದಿತ್ತು, ಟಿಲ್ಸಿಟ್ಟಿನ ಮಾತು ಅದರಲ್ಲಿತ್ತು. ಕಚೇರಿಗೆ ಹೋಗಿ ರುಜು ಹಾಕುವುದಕ್ಕಿಂತ ರಬ್ಬಿಯೇ ಹೂಂ ಅಂದು ಮದುವೆ ಮಾಡಿಸಿದರೆ ಪಾಪವಾದರೂ ಅವಳ ತಲೆಗೆ ಬರುವುದಿಲ್ಲ, ನನ್ನ ತಲೆಗೆ ಬರುತ್ತದೆ ಎಂದುಕೊಂಡೆ. ಹಾಗೆ ಅಂದುಕೊಂಡೇ ಬರೆದೆ, ಬರೆದು ಮೇಲೆ ವಾರದ ಹೆಸರಿಗೆ ಯೋಸೇಫನ ಅಂಗಿಯನ್ನೇ ಹಾಕಿದೆ. ಹೇಳಲಾರದ್ದು ಅಲ್ಲಿ ಬಂತು. ನೀನು ಓದಲಿ ಅಂತಲೋ, ಓದದಿರಲಿ ಅಂತಲೋ, ನನಗೇ ಗೊತ್ತಿಲ್ಲ.

ಜನವರಿಯ ಕಾಗದ ಬಂದ ಮೇಲೆ ಪ್ರಮಾಣ ಮಾಡಲು ಆಗಲಿಲ್ಲ. ಬಡವರ ಆಸ್ಪತ್ರೆ, ಧರ್ಮಛತ್ರ, ಪ್ರಾರ್ಥನಾ ಮಂದಿರಗಳ ಒಲೆ ಮೂಲೆ, ಎಲ್ಲ ಕಡೆ ಹುಡುಕಿದೆ. ಹೋದ ವಾರ ಸಿಕ್ಕಿದ. ಹಾಸಿಗೆ ಹಿಡಿದಿದ್ದಾನೆ. ನಿನ್ನ ಕಾಗದ ಬಂದ ದಿನವೇ ಅವನಿಗೆ ಓದಿ ಹೇಳಿದೆ, ಗರಿಯ ವಿಷಯ ಸಹಿತ. ಗೋಡೆಗೆ ಮುಖ ಮಾಡಿಕೊಂಡ. ಆಮೇಲೆ, “ಅವಳಿಗೆ ನನ್ನ ರುಜು ಇನ್ನೂ ನೆನಪಿದೆಯಾ?” ಅಂದ. ಬಿಡುಗಡೆ ಪತ್ರಕ್ಕೆ ಒಪ್ಪಿದ್ದಾನೆ.

ಅವನು ಏಳುವಂತಾದ ದಿನ ಬರೆಸುತ್ತೇನೆ. ಮದುವೆ ನಿಲ್ಲಿಸಿದೆಯಾ? ನಿಲ್ಲಿಸಿದೆ ಅಂತ ಬರೆ. ನನಗೆ ನಿದ್ದೆಯಿಲ್ಲ.

ಲೈಝರ್


ಗುಡಾರ ಕಟ್ಟುವ ವಾರ, ಮಂಗಳವಾರ
13 ಮಾರ್ಚ್ 1923

ನಿಲ್ಲಿಸಿದೆ.

ಹೋದ ಮಂಗಳವಾರ ಮದುವೆ ಆಯಿತು. ಯೋಯ್ನೆಯದು, ಪಕ್ಕದೂರಿನ ಹುಡುಗಿಯ ಜೊತೆ. ನಾನು ಹೇಳಿಟ್ಟಿದ್ದ ಪಿಟೀಲಿನವರೇ ಬಂದು ನುಡಿಸಿದರು. ಮೆರವಣಿಗೆ ನಮ್ಮ ಬೇಲಿಯ ಪಕ್ಕವೇ ಹೋಗಬೇಕು, ಬೇರೆ ದಾರಿಯಿಲ್ಲ. ಮುಷ್ಕೆ ಕಿಟಕಿಯ ಪರದೆ ಎಳೆಯಲಿಲ್ಲ. ಯೋಯ್ನೆ ತಲೆಯೆತ್ತಲಿಲ್ಲ. ಅವನ ಚಿಕ್ಕ ಮಗಳು ನಮ್ಮ ಗೇಟಿಗೆ ಕೈಹಾಕಿತು, ಗ್ನೆಸ್ಯ ಬಂದು ಬಿಡಿಸಿಕೊಂಡು ಹೋದಳು.

ಅವನು ಬದುಕಿದ್ದಾನೆ ಎಂದು ಮುಷ್ಕೆಗೆ ಓದಿ ಹೇಳಿದೆ. ಗಡಿ ಮುಚ್ಚಿರಲಿಲ್ಲ ಎಂಬ ಸಾಲನ್ನು ನುಂಗಿಬಿಡೋಣ ಎಂದುಕೊಂಡೆ. ನುಂಗಲಿಲ್ಲ. ನಮ್ಮ ಮನೆಯಲ್ಲಿ ನುಂಗಿದ್ದು ಸಾಕು. ಅವಳು ಎದ್ದು, ಮಡಚಿಟ್ಟ ಪ್ರಯಾಣದ ಬಟ್ಟೆ ತೆಗೆದು, ಒಗೆದು ಹಗ್ಗಕ್ಕೆ ಹಾಕಿದಳು. ಅದು ಕೊಳೆಯೇ ಆಗಿರಲಿಲ್ಲ.

ನನಗೆ ಅವನ ಮೇಲೆ ಎಷ್ಟು ಕೋಪ ಎಂದರೆ ಬರೆದರೆ ಕಾಗದ ಸುಟ್ಟೀತು. ಕೆಮ್ಮಿಕೊಂಡೇ ಬಂದಿದ್ದರೆ ನಾನು ಬಾಗಿಲು ಹಾಕುತ್ತಿದ್ದೆನೇ? ನನ್ನ ಒಲೆಯ ಪಕ್ಕದಲ್ಲಿ ಒಬ್ಬ ಕೆಮ್ಮುವುದಕ್ಕೆ ಜಾಗ ಇರಲಿಲ್ಲವೇ? ಹೋಗಿ ಕೇಳು ಅವನನ್ನು. ಬೇಡ, ಕೇಳಬೇಡ. ಮೊದಲು ಬರೆಸು. ಅವನಿಗೆ ಏನಾದರೂ ಆಗುವ ಮೊದಲು ಬರೆಸು. ಛೀ, ಮತ್ತೆ ನನ್ನ ಬಾಯಿಗೆ ಅದೇ ಬಂತು ನೋಡು.

ಬ್ರೈನೆ


ಬಲಿಗಳ ವಾರ, ಬುಧವಾರ
21 ಮಾರ್ಚ್ 1923

ಅಕ್ಕಾ,

ಬರೆದಾಯಿತು. ಸೋಮವಾರ ಜಾರುಬಂಡಿಯಲ್ಲಿ ಕರೆದುಕೊಂಡು ಹೋದೆ, ಒದ್ದೆ ಹಿಮದಲ್ಲಿ. ಬರಹಗಾರ ಬಾತಿನ ಗರಿ ಚೂಪು ಮಾಡುತ್ತಿದ್ದಾಗ ಹಿರ್ಶ್‌ಬೇರ್ ನನ್ನ ಕಡೆ ನೋಡಿ, “ಇದು ಅತ್ತೆ ಕಿತ್ತ ಗರಿಯೇನೋ” ಅಂದ. ಇನ್ನೂ ತಮಾಷೆ ಇದೆ ಅವನಲ್ಲಿ. ಬರೆಯಲು ಅಪ್ಪಣೆ ಕೊಡುವಾಗ ಮಾತ್ರ ಮೂರು ಸಲ ದನಿ ನಿಂತಿತು. ಧರ್ಮಪೀಠದವರು ಪ್ರತಿ ಸಲವೂ ಮೊದಲಿಂದ ಹೇಳಿಸಿದರು.

ಮರದ ವ್ಯಾಪಾರಿಯ ಗುಮಾಸ್ತ ಒಬ್ಬ ರೀಗಾಕ್ಕೆ, ಅಲ್ಲಿಂದ ನಿಮ್ಮ ಕಡೆಗೆ ಬರುತ್ತಾನೆ. ದೈವಭಕ್ತ. ಬರೆದಿದ್ದನ್ನೂ ಸಾಕ್ಷಿ ಹಾಕಿದ್ದನ್ನೂ ಕಣ್ಣಾರೆ ಕಂಡಿದ್ದಾನೆ. ಪಸ್ಕಹಬ್ಬಕ್ಕೆ ರೀಗಾದಲ್ಲಿ ಉಳಿದು, ಹಬ್ಬ ಮುಗಿದ ಕೂಡಲೇ ನಿಮ್ಮಲ್ಲಿಗೆ. ಪುಸ್ತಕವನ್ನೂ ಕಳಿಸಿದ್ದೇನೆ. ಹಿರ್ಶ್‌ಬೇರ್ ಹೇಳಿದ್ದು: “ಅವಳು ಒಂದು ಸಲ ನೋಡ್ಲಿ. ಆಮೇಲೆ ಏನಾದ್ರೂ ಮಾಡ್ಕೊಳ್ಲಿ.”

ಲೈಝರ್


ಆರೋನ ಮೌನವಾದ ವಾರ, ಮಂಗಳವಾರ
10 ಏಪ್ರಿಲ್ 1923

ದೇವರ ದಯೆ.

ತಮ್ಮಾ, ಗುಮಾಸ್ತ ಬಂದ. ಇವತ್ತು ಬೆಳಿಗ್ಗೆ ರಬ್ಬಿಗಳ ಮನೆಯಲ್ಲಿ ಮುಗಿಯಿತು.

ಮೂವರು ಕೂತರು. ಗುಮಾಸ್ತ ನಿಂತು, ಇದು ನನ್ನ ಮುಂದೆ ಬರೆದದ್ದು, ನನ್ನ ಮುಂದೆ ಸಾಕ್ಷಿ ಹಾಕಿದ್ದು ಎಂದ. ರಬ್ಬಿಗಳು, “ಉಂಗುರ ತೆಗೀಮ್ಮ, ಎರಡೂ ಕೈ ಚಾಚು” ಅಂದರು. ಉಂಗುರ ಬರಲಿಲ್ಲ, ಬೆರಳು ದಪ್ಪವಾಗಿದೆ. ರಬ್ಬಿಯ ಹೆಂಡತಿ ಬಾತಿನ ಕೊಬ್ಬು ತಂದು ಸವರಿದಳು. ಮುಷ್ಕೆ ಬೊಗಸೆ ಹಿಡಿದಳು. ಗುಮಾಸ್ತ ಕಾಗದವನ್ನು ಅದರೊಳಗೆ ಬಿಟ್ಟ. ಎಷ್ಟು ಹಗುರ ಅದು ಲೈಝರ್. ಅವಳು ಕೈ ಮುಚ್ಚಿ ಬಾಗಿಲವರೆಗೆ ನಡೆದು ಹಿಂದಕ್ಕೆ ಬಂದಳು. ರಬ್ಬಿಗಳು ಅದನ್ನು ಓದಿ ಚಾಕುವಿನಿಂದ ಸೀಳಿದರು. “ಇನ್ನು ನೀನು ಯಾರ ಕೈಗೆ ಬೇಕಾದ್ರೂ ಸ್ವತಂತ್ರಳು” ಅಂದರು. ಯಾರ ಕೈಗೆ ಎಂದು ಯಾರೂ ಕೇಳಲಿಲ್ಲ.

ಮನೆಗೆ ಬಂದು ಪುಸ್ತಕ ತೆರೆದಳು. ಕಲೆಯ ಮೇಲೆ ಬೆರಳಿಟ್ಟಳು. “ಅಮ್ಮಾ, ನೀನು ಉಪ್ಪು ಕಮ್ಮಿ ಹಾಕ್ದೆ” ಅಂದಳು. ಆಮೇಲೆ ಅವನ ಸಾಲು ಓದಿದಳು. ಜೋರಾಗಿಯೇ ಓದಿದಳು, ಅಪ್ಪನ ಹೆಸರಿನ ಸಹಿತ. ಪುಸ್ತಕಕ್ಕೆ ಮುತ್ತಿಟ್ಟು ಮುಚ್ಚಿ, “ಅವರನ್ನ ಯಾರು ನೋಡ್ಕೊಳ್ತಾರೆ?” ಅಂದಳು.

ಪುಸ್ತಕ ವಾಪಸು ಕಳಿಸುತ್ತಿದ್ದೇನೆ, ಅದೇ ಗುಮಾಸ್ತನ ಕೈಯಲ್ಲಿ. ಅದು ಹಿರ್ಶ್‌ಬೇರ್‌ನದು, ಅವನ ತಲೆದಿಂಬಿನ ಪಕ್ಕ ಇರಲಿ. ಯಾರಿಗೂ ಮಾರಲು ಬಿಡಬೇಡ. ಜೊತೆಗೆ ಒಂದು ಜಾಡಿ ಬಾತಿನ ಕೊಬ್ಬಿದೆ. ಬಿಸಿ ಹಾಲಿಗೆ ಜೇನು ಸೇರಿಸಿ ಅದರಲ್ಲಿ ಒಂದು ಚಮಚ ಕರಗಿಸಿ ಕುಡಿಸು, ಎದೆಗೂ ತಿಕ್ಕು. ಮಾಂಸದ ಕೊಬ್ಬು ಹಾಲಿಗೆ ಸೇರಿಸಬಾರದು ಎಂದು ನೀನು ಶುರು ಮಾಡುವ ಮೊದಲೇ ನನಗೆ ನೆನಪಾಯಿತು. ನೋಡು, ತಲೆ ಎಲ್ಲಿದೆ ನನಗೆ. ಹಾಲು ಬೇಡ, ಬಿಸಿ ಚಹಾದಲ್ಲಿ ಕೊಡು. ಉಣ್ಣೆಯ ಕಾಲುಚೀಲ ಮುಷ್ಕೆ ಹೆಣೆದದ್ದು. ಯಾರು ಹೆಣೆದರು ಎಂದು ಅವನಿಗೆ ಹೇಳಬೇಡ ಅಂದಳು. ನೀನು ಹೇಳು.

ಒಂದು ಮಾತು. ಅವನಿಗೆ ಮಗನಿಲ್ಲ. ಆ ಹಾಳೆಯಲ್ಲಿ ಅವನ ಕೆಳಗೆ ಹೆಸರು ಬರೆಯುವವರು ಯಾರೂ ಇಲ್ಲ. ಎರಡಕ್ಷರ ಸೇರಿಸುವ ಕೈ ನಿನ್ನದೇ ಆಗಬೇಕು. ಅವನು ಉಸಿರಾಡುವವರೆಗೆ ಅದನ್ನು ಮುಟ್ಟಬೇಡ. ಅವನೇ ಲೇಖನಿ ಕೊಟ್ಟರೂ ಬೇಡ. ಆ ದಿನ ಬಂದಾಗ, ಅವನ ಹೆಸರಿಗೇ ಸೇರುವ ಹಾಗೆ, ಅಪ್ಪನದರ ಜೊತೆ ಬೆರೆಯದ ಹಾಗೆ, ಸ್ವಲ್ಪ ಬಿಟ್ಟು ಬರೆ.

ಮುಷ್ಕೆ ಈಗ ಅವನಿಗೆ ಏನೂ ಅಲ್ಲ, ನೆಲಕ್ಕೆ ಕೂತು ಅಳುವ ಹಕ್ಕು ಅವಳಿಗಿಲ್ಲ, ನನಗೂ ಇಲ್ಲ. ಆದರೆ ವರ್ಷಕ್ಕೊಂದು ದೀಪ ಯಾರು ಬೇಕಾದರೂ ಹಚ್ಚಬಹುದು. ಅದಕ್ಕೆ ಯಾವ ವಾರ, ಯಾವ ದಿನ ಎಂದು ಗೊತ್ತಿರಬೇಕು. ಅದನ್ನು ನನಗೆ ಬರೆ. ಈ ಸಲ ಸರಿಯಾಗಿ ಬರೆ.

ರೀಗಾ ಸುತ್ತಿ ಬರುವ ಈ ಅಂಚೆಯನ್ನು ನಾನು ಬೈಯದ ದಿನವಿಲ್ಲ. ಆ ಒಂದು ಕಾಗದ ಮಾತ್ರ ಎಷ್ಟು ತಡವಾಗಿ ಬಂದರೂ ನಾನು ಏನೂ ಅನ್ನುವುದಿಲ್ಲ.

ನಿನ್ನ ಅಕ್ಕ
ಬ್ರೈನೆ